ಕರಿ ಸೈಕಲಿನ ಮೇಲೆ ಇನ್ನೂರು ಕಿಲೋಮೀಟರು

(ಜೋಗೇಶ್ವರಿಯಲ್ಲಿ ನಡೆದ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಲ ನಾನು ಸಂಬಳದ ವಿಷಯವನ್ನೋ ಪ್ರಾವಿಡೆಂಟ್ ಫಂಡಿನ ವಿಷಯವನ್ನೋ ಎತ್ತುತ್ತೇನೆಂದು ತಾವು ಎಣಿಸಿರಬಹುದು. ಆದರೆ ನಮ್ಮ ಕಾರ್ಯದರ್ಶಿಗಳು, "ನೀನು ಸೈಕಲು ತುಳಿದ ಕಥೆಯನ್ನೇ ಹೇಳಿಬಿಡು, ಹುಡುಗರು ಕೇಳುತ್ತಿದ್ದಾರೆ" ಎಂದು ಅಪ್ಪಣೆ ಮಾಡಿದ್ದಾರೆ. ನಾನು ಏಳನೆಯ ತರಗತಿ ಮುಗಿಸಿ ಊರಿನಿಂದ ಬಸ್ಸು ಹತ್ತಿದವನು. ಭಾಷಣದ ಭಾಷೆ ನನಗೆ ಬಾರದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಆಗ ಸಪ್ಲಾಯರ್ ಆಗಿದ್ದ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಒಂದು ಗುಂಪು ಬರುತ್ತಿತ್ತು. ಮೈಗೆ ಅಂಟಿದ ಬಣ್ಣದ ಅಂಗಿ, ತಲೆಗೆ ಹೆಲ್ಮೆಟ್ಟು, ಕಾಲಿನಲ್ಲಿ ಕುದುರೆಯ ಹಾಗೆ ಟಕಟಕ ಎನ್ನುವ ಬೂಟು. ಸೈಕಲುಗಳನ್ನು ಹೊರಗೆ ಗೋಡೆಗೆ ಒರಗಿಸಿ, ಕಣ್ಣು ಅಲ್ಲಿಂದ ತೆಗೆಯದೆ ಇಡ್ಲಿ ತಿನ್ನುವರು. ಒಂದು ದಿನ ಅವರಲ್ಲೊಬ್ಬರು, ಮುಂದಿನ ವಾರ ಇನ್ನೂರು ಕಿಲೋಮೀಟರು ಹೋಗಲಿಕ್ಕಿದೆ ಎಂದು ಮಾತಾಡುತ್ತಿದ್ದರು. ಸಾಂಬಾರು ಬಡಿಸುತ್ತಾ ನಾನು ಸುಮ್ಮನಿರಲಾರದೆ, "ಎಷ್ಟು ಹೊತ್ತು ಬೇಕು ಸಾಹೇಬರೆ?" ಎಂದು ಕೇಳಿದೆ. "ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು" ಎಂದರು. ನನಗೆ ನಗೆ ಬಂತು. ಬೆಳಿಗ್ಗೆ ಆರಕ್ಕೆ ಶಟರು ಎತ್ತಿ, ನಡುವೆ ಒಂದಿಷ್ಟು ಬೆನ್ನು ಚಾಚಿ, ರಾತ್ರಿ ನೆಲ ಒರೆಸುವ ತನಕ ನಾವು ಕಾಲಮೇಲೆ ನಿಲ್ಲುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಅವರಿಗೆ ಅದು ವರ್ಷಕ್ಕೊಂದೆರಡು ಸಲದ ಸಾಹಸ. ನಮಗೆ ಸೋಮವಾರ.

ಆ ಗುಂಪಿನಲ್ಲಿ ಒಬ್ಬರು ನನ್ನ ನಗೆಯನ್ನು ತಪ್ಪು ತಿಳಿಯಲಿಲ್ಲ. ಮುಂದಿನ ವಾರ ಒಂದು ಕಾಗದದಲ್ಲಿ ನಿಯಮಗಳನ್ನೆಲ್ಲ ಬರೆದು ತಂದುಕೊಟ್ಟರು. ಈ ಸವಾರಿಗೆ ಬ್ರೆವೆ ಎಂದು ಹೆಸರು, ಫ್ರೆಂಚ್ ಮಾತು. 1891ರಲ್ಲಿ ಪ್ಯಾರಿಸಿನಿಂದ ಸಮುದ್ರತೀರದ ಬ್ರೆಸ್ಟಿಗೆ ಹೋಗಿ ಮರಳಿ ಪ್ಯಾರಿಸಿಗೆ ಬರುವ ಸುಮಾರು 1200 ಕಿಲೋಮೀಟರಿನ ಓಟವೊಂದು ನಡೆಯಿತು. ಅದನ್ನು ಗೆದ್ದ ಶಾರ್ಲ್ ತೆರೋಂ ಎಂಬಾತ 71 ಗಂಟೆಗಳ ಮೇಲೆ ಸ್ವಲ್ಪ ಹೊತ್ತು, ನಿದ್ದೆಯಿಲ್ಲದೆ ತುಳಿದನಂತೆ. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಆದರೆ ಓಟದ ಪಂದ್ಯವಾಗಿ ಅಲ್ಲ. 90 ಗಂಟೆಯೊಳಗೆ ಮುಗಿಸಿದವರೆಲ್ಲ ಒಂದೇ. 2023ರಲ್ಲಿ ನಡೆದಾಗ ನಮ್ಮ ದೇಶದಿಂದಲೂ ಹೋಗಿದ್ದರು. ಅಲ್ಲಿಗೆ ಹೋಗಬೇಕಾದರೆ ಮೊದಲು ಊರಿನಲ್ಲೇ 200, 300, 400, 600 ಕಿಲೋಮೀಟರುಗಳನ್ನು ಮುಗಿಸಿರಬೇಕು. ಅವಧಿಗಳು ಕ್ರಮವಾಗಿ ಹದಿಮೂರೂವರೆ, ಇಪ್ಪತ್ತು, ಇಪ್ಪತ್ತೇಳು, ನಲವತ್ತು ಗಂಟೆ.

ನನಗೆ ಹಿಡಿಸಿದ್ದು ಬೇರೆ ಸಂಗತಿ. ಇದರಲ್ಲಿ ಮೊದಲನೆಯವನು, ಎರಡನೆಯವನು ಎಂಬುದಿಲ್ಲ. ಮುಗಿಸಿದವರ ಪಟ್ಟಿ ಪ್ಯಾರಿಸಿನ ಸಂಘಕ್ಕೆ ಹೋಗುತ್ತದೆ. ಅಲ್ಲಿ ಹೆಸರುಗಳಿಗೆ ಸ್ಥಾನ ಕೊಡುವುದಿಲ್ಲ. ಮುಂಬಯಿ–ಪುಣೆ ಸೈಕಲ್ ಓಟದಲ್ಲಿ ಖೋಪೋಲಿಯಿಂದ ಬೋರ್ ಘಾಟು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಎಂಬ ಬಿರುದು ಸಿಗುತ್ತದೆ. ಅದು ಎಳೆಯ ಮೈಯವರ ಕೆಲಸ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ಅಂಥ ಓಟಗಳಲ್ಲಿ ಹೆಸರು ಮಾಡಿದ್ದಾರೆ. ನಾನು ಮೂವತ್ತು ದಾಟಿದವನು, ರಾಜನಾಗುವ ಆಸೆ ಇರಲಿಲ್ಲ. ಬ್ರೆವೆಯಲ್ಲಾದರೋ ತೀರ ಬೇಗ ಹೋದವನಿಗೂ ಬಾಗಿಲು ತೆರೆಯುವುದಿಲ್ಲ. ನೂರನೆಯ ಕಿಲೋಮೀಟರಿನ ಠಾಣೆ ಹೊರಟ 2 ಗಂಟೆ 56 ನಿಮಿಷಕ್ಕೆ ತೆರೆಯುತ್ತದೆ, 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ನಡುವೆ ಬಂದವರಿಗೆಲ್ಲ ಒಂದೇ ಸಿಕ್ಕಾ. ಸೈಕಲು ಯಾವುದಾದರೂ ಆಗಬಹುದು. ತಲೆಗೆ ಹೆಲ್ಮೆಟ್ಟು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಕತ್ತಲೆಯಲ್ಲಿ ಹೊಳೆಯುವ ಪಟ್ಟಿಯ ಜಾಕೀಟು ಕಡ್ಡಾಯ. ದಾರಿಯಲ್ಲಿ ಹೊರಗಿನವರ ಸಹಾಯ ಪಡೆಯಬಾರದು. ಸವಾರರು ತಮ್ಮತಮ್ಮೊಳಗೆ ಸಹಾಯ ಮಾಡಿಕೊಳ್ಳಬಹುದು.

ಈಗ ಸೈಕಲಿನ ಮಾತು. ನಮ್ಮ ಚಾಳಿನಲ್ಲಿರುವ ಕಾಕಾ ಈಗ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಹೆಸರು ಹೇಳಬೇಡವೆಂದು ಕಟ್ಟಪ್ಪಣೆ ಮಾಡಿದ್ದಾರೆ. ಅವರು ಗಿರಣಿಯಲ್ಲಿದ್ದಾಗ ಬೋನಸ್ಸಿನಲ್ಲಿ ಕೊಂಡ ಕರಿ ಸೈಕಲು ಅದು. 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು. ಎರಡೂವರೆ ಲಕ್ಷದಷ್ಟು ಜನ ಕೆಲಸ ಬಿಟ್ಟು ಹೊರಗೆ ಬಂದರು. ಆಗ ರೈಲಿನ ಪಾಸಿಗೆ ದುಡ್ಡಿಲ್ಲದೆ ಕಾಕಾ ಜೋಗೇಶ್ವರಿಯಿಂದ ಪರೇಲಿಗೆ ಗೇಟ್ ಸಭೆಗಳಿಗೆ ಹೋಗಿ ಬಂದದ್ದು ಇದೇ ಸೈಕಲಿನ ಮೇಲೆ. ಮುಷ್ಕರ ಏನಾಯಿತೆಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಸೈಕಲು ಮಾತ್ರ ಉಳಿಯಿತು. ನಾನು ಕೇಳಿದಾಗ ಕಾಕಾ, "ಒಯ್ಯಿ ತಮ್ಮಾ, ಅದಕ್ಕೇನು. ಆದ್ರ ಹಸದ ಹೊಟ್ಟಿಲೆ ತುಳೀಬ್ಯಾಡ, ತಲಿ ತಿರುಗ್ತದ" ಎಂದರು. ಆ ಮಾತನ್ನು ನಾನು ಕೇಳಿಸಿಕೊಂಡೆ, ಒಳಗೆ ಇಳಿಸಿಕೊಳ್ಳಲಿಲ್ಲ.

ಮೊದಲ ಸಲ ನಾನು ಸೋತೆ. ಅದನ್ನೂ ಹೇಳಬೇಕು.

ಆ ಹೋಟೆಲಿನಲ್ಲಿ ವಾರದ ರಜೆ ಎಂದರೆ ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ ಸಿಗುವ ಅರ್ಧ ದಿನ. ಪೂರ್ತಿ ಭಾನುವಾರ ಬೇಕೆಂದಾಗ ಧಣಿಗಳು, "ಎಂತದು ಮಾರಾಯ, ಸೈಕಲು ತುಳಿಯಲಿಕ್ಕೆ ರಜೆಯಾ? ಮದುವೆಯೋ ಮರಣವೋ ಆದರೆ ಹೇಳು" ಎಂದರು. ಕೊನೆಗೆ ಶನಿವಾರ ರಾತ್ರಿಯ ಪಾಳಿ ಮುಗಿಸಿಯೇ ಹೋಗಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಶಟರು ಇಳಿಸುವಾಗ ಒಂದು ಗಂಟೆ. ಎರಡು ತಾಸು ಮಲಗಿ ಎದ್ದು, ಎರಡು ಕಟಿಂಗ್ ಚಹ ಕುಡಿದು, ಬೊರಿವಲಿಯ ನ್ಯಾಶನಲ್ ಪಾರ್ಕಿನ ಗೇಟಿಗೆ ಹನ್ನೆರಡು ಕಿಲೋಮೀಟರು ತುಳಿದೆ. ಸವಾರಿ ಹೊರಡುವುದು ಅಲ್ಲಿಂದ ಆರು ಗಂಟೆಗೆ. ನಾನು ಹೊರಡುವ ಮೊದಲೇ ದಣಿದಿದ್ದೆ.

ದಾರಿ ಅಹಮದಾಬಾದಿನ ಹೆದ್ದಾರಿ. ದಹಿಸರ್ ನಾಕಾ, ಘೋಡ್‌ಬಂದರಿನ ಫೌಂಟನ್ ಹೋಟೆಲು, ವಸಾಯಿ ಖಾಡಿಯ ಸೇತುವೆ, ವಿರಾರ್ ಫಾಟಾ, ಮನೋರಿನ ಮಸ್ತಾನ್ ನಾಕಾ, ಚಾರೋಟಿ. ಅದರಾಚೆ ತಲಾಸರಿಯ ಕಡೆಗೆ ಸ್ವಲ್ಪ ಹೋಗಿ ಒಂದು ಧಾಬೆಯಲ್ಲಿ ಸಿಕ್ಕಾ ಹಾಕಿಸಿಕೊಂಡು ಅದೇ ದಾರಿಯಲ್ಲಿ ಹಿಂದೆ. ನಕ್ಷೆಯಲ್ಲಿ ಸಪಾಟು. ಕಾಲಿಗೆ ಸಪಾಟಲ್ಲ. ವಿರಾರ್ ದಾಟಿದ ಮೇಲೆ ಸಾತಿವಲಿಯ ಕಡೆ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕಾರಿನಲ್ಲಿ ಹೋಗುವವನಿಗೆ ಅದು ತಿಳಿಯುವುದೂ ಇಲ್ಲ.

ನಾವು ಹೋಟೆಲಿನವರು ಗಿರಾಕಿ ಕರಗಿದ ಮೇಲೆ ಮೂರು ಗಂಟೆಗೋ ನಾಲ್ಕು ಗಂಟೆಗೋ ಉಣ್ಣುವವರು. ಅಲ್ಲಿಯ ತನಕ ಹೊಟ್ಟೆಗೆ ಚಹ ಹೊಯ್ದು ಸುಮ್ಮನಿರಿಸುವುದು ನಮಗೆ ರೂಢಿ. ಆ ರೂಢಿಯನ್ನೇ ನಾನು ರಸ್ತೆಗೂ ಒಯ್ದೆ. ಐವತ್ತು ಕಿಲೋಮೀಟರಿನವರೆಗೆ ಏನೂ ತಿನ್ನಲಿಲ್ಲ, ಬಾಯಾರಿದ ಮೇಲೆ ಮಾತ್ರ ನೀರು ಕುಡಿದೆ. ಏರಿನಲ್ಲಿ ತೊಡೆಯ ಸ್ನಾಯು ಹಗ್ಗದಂತೆ ಹುರಿಗಟ್ಟಿ ನಿಂತಿತು. ಕಣ್ಣು ಮಂಜಾಯಿತು. ಸೈಕಲು ತಳ್ಳಿಕೊಂಡು ನಡೆದೆ. ಚಾರೋಟಿಯ ಆಚೆ ಧಾಬೆ ಮುಟ್ಟಿದಾಗ ಒಂದು ಗಂಟೆ ಐದು ನಿಮಿಷ. ಠಾಣೆ ಮುಚ್ಚಿದ್ದು ಹನ್ನೆರಡು ನಲವತ್ತಕ್ಕೆ. ಅಲ್ಲಿ ಕುಳಿತಿದ್ದ ತರುಣ ತುಂಬ ಮೆತ್ತಗೆ, "ದಾದಾ, ಟೈಮ್ ಸಂಪ್ಲಾ" ಎಂದ. ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆದರೆ ಬಂಧುಗಳೆ, ಸೋತವನಿಗೂ ಮನೆ ನೂರು ಕಿಲೋಮೀಟರು ದೂರವೇ! ರಾತ್ರಿ ಒಂಬತ್ತೂವರೆಗೆ ಖೋಲಿಗೆ ಬಂದು ಬಿದ್ದೆ; ಬೆಳಿಗ್ಗೆ ಆರಕ್ಕೆ ಮತ್ತೆ ಶಟರು ಎತ್ತಿದೆ.

ಆ ವಾರವೆಲ್ಲ ತಟ್ಟೆ ಹೊರುತ್ತಾ ಒಂದೇ ಲೆಕ್ಕ ಹಾಕಿದೆ. ಇಪ್ಪತ್ತೈದು ನಿಮಿಷ. ಗಂಟೆಗೆ ಹದಿನೈದು ಕಿಲೋಮೀಟರಿನ ಲೆಕ್ಕವದು. ನಮ್ಮ ಪಾವ್ ಮಾರುವವನು ಹಿಂದೆ ಬುಟ್ಟಿ ಕಟ್ಟಿಕೊಂಡು ಅಷ್ಟು ವೇಗ ಹೋಗುತ್ತಾನೆ. ನನ್ನ ಇಪ್ಪತ್ತೈದು ನಿಮಿಷ ಸಾತಿವಲಿಯ ಏರಿನಲ್ಲಿ ಹೋಗಿರಲಿಲ್ಲ, ಶನಿವಾರದ ರಾತ್ರಿಯಲ್ಲಿ ಹೋಗಿತ್ತು. ಹಾಗೆ ಹೊಳೆದ ಮೇಲೆಯೇ ನಾನು ಮೊದಲ ಬಾರಿಗೆ ಈ ಸಂಘದ ಕಚೇರಿಯ ಮೆಟ್ಟಿಲು ಹತ್ತಿದ್ದು. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಏನಿದೆಯೆಂದು ಇಲ್ಲಿ ಓದಿ ಹೇಳಿದರು: ವಾರಕ್ಕೆ ಒಮ್ಮೆ ಎಡೆಬಿಡದೆ ಇಪ್ಪತ್ತನಾಲ್ಕು ಗಂಟೆ ವಿರಾಮ. ಎರಡು ಅರ್ಧ ದಿನ ಕೂಡಿಸಿ ಒಂದು ಎನ್ನುವ ಹಾಗಿಲ್ಲ. ಹನ್ನೊಂದು ವರ್ಷ ಹೋಟೆಲಿನಲ್ಲಿ ದುಡಿದವನಿಗೆ ಇದು ಗೊತ್ತಿರಲಿಲ್ಲ, ನಾಚಿಕೆಯಾಯಿತು.

ಇದೇ ಹೊತ್ತಿನಲ್ಲಿ ರಾತ್ರಿಶಾಲೆಯಲ್ಲಿ ಕಲಿಸಿದ ಮಾಸ್ತರರೊಬ್ಬರು ಇನ್ನೊಂದು ಸಂಗತಿ ಹುಡುಕಿ ಹೇಳಿದರು. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಮಾಜವಾದಿ ತರುಣರು ಕ್ಲೇರಿಯನ್ ಎಂಬ ಸೈಕಲ್ ಸಂಘ ಕಟ್ಟಿದರಂತೆ. ಕ್ಲೇರಿಯನ್ ಎಂಬುದು ಅವರು ಓದುತ್ತಿದ್ದ ಪತ್ರಿಕೆಯ ಹೆಸರು. ರಜೆಯ ದಿನ ಹಳ್ಳಿಹಳ್ಳಿಗೆ ಸೈಕಲಿನಲ್ಲಿ ಹೋಗಿ ಅದನ್ನು ಹಂಚುತ್ತಿದ್ದರು. ಜರ್ಮನಿಯಲ್ಲಿ 1896ರಲ್ಲಿ 'ಸೊಲಿಡಾರಿಟೆಟ್' ಎಂಬ ಕಾರ್ಮಿಕರ ಸೈಕಲ್ ಒಕ್ಕೂಟ ಹುಟ್ಟಿ, ಲಕ್ಷಕ್ಕೂ ಮಿಕ್ಕಿ ಸದಸ್ಯರಾಗಿ, ತಮ್ಮದೇ ಸೈಕಲು ಕಾರ್ಖಾನೆಯನ್ನೂ ನಡೆಸಿತು. 1933ರಲ್ಲಿ ನಾಝಿಗಳು ಅದನ್ನು ಮುಚ್ಚಿಸಿದರು. ಸೈಕಲು ಹೀಗೆ ಮೊದಲೇ ಕಾರ್ಮಿಕನ ಕೈಗೆ ಬಂದಿದ್ದ ವಸ್ತು. ನಮ್ಮ ಹೋಟೆಲಿನ ಗಿರಾಕಿಗಳಿಂದ ನಾವು ಸಾಲ ತಂದದ್ದಲ್ಲ.

ಎರಡನೆಯ ಸಲಕ್ಕೆ ಒಂದು ವರ್ಷ ತಯಾರಿ ಮಾಡಿದೆ. ಹಿಂದಿನ ಚಕ್ರದ 18 ಹಲ್ಲಿನ ಫ್ರೀವೀಲು ತೆಗೆಸಿ 20 ಹಲ್ಲಿನದು ಹಾಕಿಸಿದೆ. ಸಪಾಟಿನಲ್ಲಿ ವೇಗ ಸ್ವಲ್ಪ ಕಡಿಮೆ, ಏರಿನಲ್ಲಿ ಮೊಣಕಾಲಿಗೆ ಹಗುರ. ಸೀಟನ್ನು ಎರಡು ಬೆರಳು ಮೇಲೆತ್ತಿದೆ. ನಾವೆಲ್ಲ ಕಾಲು ನೆಲಕ್ಕೆ ಸಿಗಲೆಂದು ಸೀಟು ತಗ್ಗಿಸಿ ಕೂರುತ್ತೇವೆ; ಮೊಣಕಾಲು ನೋಯುವುದಕ್ಕೆ ಅದೇ ಒಂದು ಕಾರಣ. ಪೆಡಲು ಕೆಳಗಿರುವಾಗ ಕಾಲು ಹೆಚ್ಚುಕಡಿಮೆ ನೀಳವಾಗಿರಬೇಕು, ಕೊಂಚ ಮಾತ್ರ ಮಡಚಿರಬೇಕು. ಹೊಸ ಟೈರು, ಹೊಸ ಬ್ರೇಕು ರಬ್ಬರು. ರಾತ್ರಿ ಪಾಳಿ ಇಲ್ಲದ ಬೆಳಿಗ್ಗೆಗಳಲ್ಲಿ ವಸಾಯಿ ಸೇತುವೆಯವರೆಗೆ ಹೋಗಿ ಬರುವೆ.

ರಜೆಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಶನಿವಾರ ಸಂಜೆ ಆರರಿಂದ ಸೋಮವಾರ ಬೆಳಿಗ್ಗೆಯವರೆಗೆ ಬೇಕೆಂದು ಒಂದು ಕಾಗದದಲ್ಲಿ ಬರೆದು, ನಮ್ಮ ಕಾರ್ಯದರ್ಶಿಗಳನ್ನು ಜತೆಗೆ ಕರೆದುಕೊಂಡು ಗಲ್ಲೆಯ ಮೇಲಿಟ್ಟೆ. ಧಣಿಗಳು ಕಾಗದವನ್ನು ಎರಡು ಸಲ ಓದಿದರು. "ಇದು ಕೊಟ್ಟರೆ ನಾಳೆ ಮೂವತ್ತು ಜನವೂ ಕೇಳುತ್ತಾರೆ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ನಾಲ್ಕು ದಿನ ಮಾತು ಬಿಟ್ಟರು, ಐದನೆಯ ದಿನ ಆಗಲಿ ಎಂದರು. ನನ್ನ ಜಾಗಕ್ಕೆ ಆ ದಿನ ನಿಂತ ಹುಡುಗನ ಎರಡು ಪಾಳಿಯನ್ನು ಮುಂದಿನ ವಾರ ನಾನು ಮಾಡಿದೆ. ಅವನು ಆ ಹೊತ್ತಿನಲ್ಲಿ ಏನು ಮಾಡಿದನೆಂದು ಕೇಳಿದರೆ, "ಮಲಗಿದೆ ಅಣ್ಣ" ಎಂದ. ಅಷ್ಟಕ್ಕೂ ರಜೆ ಬೇಕು ತಾನೆ.

ಜನವರಿಯ ಚಳಿ. ಶನಿವಾರ ಏಳು ಗಂಟೆಗೆ ಉಂಡು ಮಲಗಿದವನು ಮೂರಕ್ಕೆ ಎದ್ದೆ. ಕಾಕಾ ಆಗಲೇ ಎದ್ದು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಚೀಲದಲ್ಲಿ ಮೊಸರನ್ನ, ಉಪ್ಪಿನಕಾಯಿ, ಆರು ಬಾಳೆಹಣ್ಣು, ನೆಲಗಡಲೆ ಚಿಕ್ಕಿ. ಬಾಟಲಿಯಲ್ಲಿ ಲಿಂಬೆ, ಉಪ್ಪು, ಸಕ್ಕರೆ ಕದಡಿದ ನೀರು. ಆರಕ್ಕೆ ಹೊರಟೆವು. ಐದು ನಿಮಿಷದಲ್ಲಿ ಉಳಿದವರ ಕೆಂಪು ದೀಪಗಳೆಲ್ಲ ಮುಂದೆ ಮಾಯವಾದವು. ನನಗೆ ಬೇಸರವಾಗಲಿಲ್ಲ; ಹಿಂದೆ ಒಬ್ಬನೇ ಉಳಿದರೆ ತನ್ನ ಉಸಿರಿನ ಲೆಕ್ಕ ತನಗೆ ಸಿಗುತ್ತದೆ. ಪ್ರತಿ ಅರ್ಧ ಗಂಟೆಗೆ ನಾಲ್ಕು ಗುಟುಕು, ಪ್ರತಿ ಗಂಟೆಗೆ ಏನಾದರೂ ಒಂದು ತುತ್ತು, ಹಸಿವಾಗಲಿ ಬಿಡಲಿ. ಸೇತುವೆಯ ಮೇಲೆ ಮೂಡಣ ಬೆಳ್ಳಗಾಗುತ್ತಿತ್ತು, ಖಾಡಿಯಿಂದ ತಣ್ಣನೆಯ ಗಾಳಿ.

ವಿರಾರ್ ಫಾಟಾದ ಆಚೆ ಒಂದು ಠಾಣೆಯಲ್ಲಿ ಯಾರೂ ಇರಲಿಲ್ಲ. ಅಂಥಲ್ಲಿ ಯಾವುದಾದರೂ ಅಂಗಡಿಯದೋ ಹೋಟೆಲಿನದೋ ಬಿಲ್ಲು ತೆಗೆದುಕೊಂಡರೆ ಸಾಕು. ಅದರ ಮೇಲಿನ ವೇಳೆಯೇ ನಾವು ಅಲ್ಲಿಗೆ ಬಂದದ್ದಕ್ಕೆ ಸಾಕ್ಷಿ. ನಾನು ಒಂದು ಚಹ ಕುಡಿದು ಬಿಲ್ಲು ಕೇಳಿದೆ. ಎಷ್ಟೋ ಸಾವಿರ ಬಿಲ್ಲು ಕೊಟ್ಟಿದ್ದೇನೆ, ತೆಗೆದುಕೊಂಡು ಜೋಪಾನವಾಗಿ ಜೇಬಿಗಿಟ್ಟದ್ದು ಅದೇ ಮೊದಲು. ಬಿಲ್ಲು ತಂದ ಹುಡುಗ ಕುಂದಾಪುರದ ಕಡೆಯವನು. "ಎಲ್ಲಿಗೆ ಅಣ್ಣ?" ಎಂದ. ಹೇಳಿದೆ. "ಯಾರು ಕಳಿಸಿದ್ದು?" ಎಂದ. ಯಾರೂ ಕಳಿಸದೆ ಒಬ್ಬ ಹೋಟೆಲಿನವನು ಅಷ್ಟು ದೂರ ಹೋಗುವುದುಂಟೆಂದು ಅವನಿಗೆ ನಂಬಿಕೆಯಾಗಲಿಲ್ಲ.

ಸಾತಿವಲಿಯ ಏರುಗಳನ್ನು ಇಳಿಯದೆ ಹತ್ತಿದೆ. ಹತ್ತು ಗಂಟೆಗೆ ಮಸ್ತಾನ್ ನಾಕಾ. ಮೇಂಢವಣದ ಖಿಂಡಿಯಲ್ಲಿ ಲಾರಿಗಳ ಗಾಳಿ ಸೈಕಲನ್ನೇ ಅತ್ತಿತ್ತ ಎಳೆಯುತ್ತದೆ. ಹ್ಯಾಂಡಲು ಬಿಗಿಹಿಡಿದರೆ ಕೈ ಜುಮ್ಮೆನ್ನುತ್ತದೆ, ಸಡಿಲ ಬಿಟ್ಟರೆ ಹೆದರಿಕೆ. ಧಾಬೆಗೆ ಮುಟ್ಟಿದಾಗ ಹನ್ನೆರಡು ಹತ್ತು. ಅರ್ಧ ಗಂಟೆ ಕೈಯಲ್ಲಿತ್ತು. ಸಿಕ್ಕಾ ಬಿತ್ತು. ಮೊಸರನ್ನ ಉಂಡು, ಹತ್ತು ನಿಮಿಷ ಬೆನ್ನು ನೆಲಕ್ಕೆ ಹಾಕಿ, ಹನ್ನೆರಡು ಮೂವತ್ತೈದಕ್ಕೆ ಹಿಂದೆ ತಿರುಗಿದೆ.

ಮರಳುವ ದಾರಿಯಲ್ಲಿ ಬಿಸಿಲು. ಅಂಗಿಯ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಗೆರೆ ಕಟ್ಟಿತು. ಸಾತಿವಲಿ ಹತ್ತಿರ ಬಂದಾಗ ಹಿಂದಿನ ಟೈರು ಮೆತ್ತಗಾಯಿತು. ಅದೇ ಹೊತ್ತಿಗೆ ಒಬ್ಬ ಸವಾರ ನಿಂತ. ಕಂಪ್ಯೂಟರ್ ಕಂಪೆನಿಯ ತರುಣ, ಹೊಟ್ಟೆ ಕೆಟ್ಟು ಹಿಂದೆ ಬಿದ್ದಿದ್ದ. ಅವನ ಪಂಪಿನ ಬಾಯಿ ನನ್ನ ಟ್ಯೂಬಿನ ವಾಲ್ವಿಗೆ ಕೂರಲಿಲ್ಲ. ನನ್ನ ಬಳಿ ಪಂಪು ಇತ್ತು. ಚಕ್ರ ಬಿಚ್ಚದೆ ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬು ಎಳೆದು, ನೀರು ಹಾಕಿ ಗುಳ್ಳೆ ಹುಡುಕಿ, ಉಜ್ಜಿ, ಸೊಲ್ಯೂಶನ್ನು ಹಚ್ಚಿ ತೇಪೆ ಕೂರಿಸುವುದನ್ನು ಅವನು ಬೆರಗಾಗಿ ನೋಡಿದ. ಅವರಿಗೆ ಟ್ಯೂಬು ಬದಲಿಸುವುದು ಮಾತ್ರ ಗೊತ್ತು. ನನ್ನ ಉಪ್ಪುನೀರನ್ನು ಅವನಿಗೆ ಅರ್ಧ ಕೊಟ್ಟೆ. ನಲವತ್ತು ನಿಮಿಷ ಹೋಯಿತು. ಅಲ್ಲಿಂದ ಮುಂದೆ ಅವನು ನನ್ನನ್ನು ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಎದುರಿನಲ್ಲಿ ಗಾಳಿಗೆ ಮರೆಯಾಗಿ, ನನ್ನ ವೇಗಕ್ಕೆ ತನ್ನದನ್ನು ಇಳಿಸಿಕೊಂಡು ತುಳಿದ.

ಸೇತುವೆಗೆ ಬಂದಾಗ ಆರೂ ಇಪ್ಪತ್ತು, ಕತ್ತಲೆ ಇಳಿಯುತ್ತಿತ್ತು. ಮುಂದೆ ಘೋಡ್‌ಬಂದರಿನವರೆಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಂಚಿನ ಮಣ್ಣಿನಲ್ಲಿ ಒಮ್ಮೆ ತುಳಿಯುತ್ತಾ ಒಮ್ಮೆ ತಳ್ಳುತ್ತಾ ನುಸುಳಿದೆವು. ಹದಿನೈದು ನಿಮಿಷಕ್ಕೊಮ್ಮೆ ಅವನು ಗಡಿಯಾರ ನೋಡಿ ಹೇಳುವುದು, ನಾನು ಸುಮ್ಮನೆ ತುಳಿಯುವುದು. ನ್ಯಾಶನಲ್ ಪಾರ್ಕಿನ ಗೇಟಿನಲ್ಲಿ ಕಾರ್ಡು ಕೊಟ್ಟಾಗ ಏಳು ಗಂಟೆ ಹದಿನಾಲ್ಕು ನಿಮಿಷ. ಹದಿನಾರು ನಿಮಿಷ ಉಳಿದಿತ್ತು.

ರಾತ್ರಿ ಚಾಳಿಗೆ ಬಂದಾಗ ಕಾಕಾ ಓಣಿಯ ಬಾಯಲ್ಲೇ ನಿಂತಿದ್ದರು. "ಎಷ್ಟನೇ ನಂಬರ ಬಂದಿ?" ಎಂದರು. "ನಂಬರು ಇಲ್ಲ ಕಾಕಾ" ಎಂದೆ. "ಇಲ್ಲಂದ್ರ?" "ಮುಗಿಸಿದವರೆಲ್ಲ ಒಂದೇ." ಕಾಕಾ ಸ್ವಲ್ಪ ಹೊತ್ತು ಕಾರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಆಮೇಲೆ ಬಗ್ಗಿ ಹಿಂದಿನ ಬ್ರೇಕನ್ನು ಮುಟ್ಟಿ, "ರಬ್ಬರ ಪೂರಾ ಸವದೈತಿ. ನಾಳೆ ಹಾಕಸು" ಎಂದರು.

ಧಣಿಗಳ ಭವಿಷ್ಯವೂ ನಿಜವಾಯಿತು. ಮುಂದಿನ ತಿಂಗಳು ಏಳು ಜನ ಕಾಗದ ಬರೆದು ಕೊಟ್ಟರು. ಈಗ ಆ ಹೋಟೆಲಿನ ಅಡಿಗೆಮನೆಯ ಗೋಡೆಯ ಮೇಲೆ ಯಾರಿಗೆ ಯಾವ ದಿನ ಪೂರ್ತಿ ರಜೆಯೆಂಬ ಪಟ್ಟಿ ತೂಗುತ್ತಿದೆ. ಸೀಸನ್ನಿನಲ್ಲಿ ತಪ್ಪುವುದುಂಟು, ಆಗ ಮತ್ತೆ ಗಲ್ಲೆಯ ಮುಂದೆ ಹೋಗಿ ನಿಲ್ಲಬೇಕು. ನಾನು ಈಗ ಅಲ್ಲಿ ಇಲ್ಲ, ಸಂಘದ ಕೆಲಸದಲ್ಲಿದ್ದೇನೆ; ಆದರೆ ಪಟ್ಟಿ ಇದೆಯೋ ಎಂದು ವಾರಕ್ಕೊಮ್ಮೆ ಚಹದ ನೆಪದಲ್ಲಿ ಹೋಗಿ ನೋಡುತ್ತೇನೆ.

ಕೊನೆಗೆ ಕಾರ್ಯದರ್ಶಿಗಳು ಹೇಳಲು ಹೇಳಿದ ಒಂದು ಮಾತು. ರಾತ್ರಿ ಒಂದು ಗಂಟೆಗೆ ಹೋಟೆಲು ಮುಚ್ಚಿ ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ಸೈಕಲಿನಲ್ಲಿ ಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಎರಡು ವರ್ಷದ ಹಿಂದೆ ನಮ್ಮ ಭಟ್ಟಿಯ ಕೆಲಸದವನೊಬ್ಬನನ್ನು ಟೆಂಪೊ ಹಿಂದಿನಿಂದ ಬಡಿಯಿತು. ಅವನ ಕಾಲು ಇನ್ನೂ ನೇರವಾಗಿಲ್ಲ. ಅವನು ಕರಿ ಅಂಗಿ ಹಾಕಿದ್ದ, ಸೈಕಲಿಗೆ ಕೆಂಪು ದೀಪ ಇರಲಿಲ್ಲ. ಆ ತರುಣ, ಪಂಕ್ಚರಿನ ಹೊತ್ತಿಗೆ ನಿಂತವನು, ತನ್ನ ಗೆಳೆಯರಿಂದ ಹಳೆಯ ಹಿಂದೀಪಗಳನ್ನು ಕೂಡಿಸಿ ಹನ್ನೊಂದು ತಂದುಕೊಟ್ಟಿದ್ದಾನೆ; ಹೊಳೆಯುವ ಜಾಕೀಟು ನಾಲ್ಕಿವೆ. ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದೇವೆ. ರಾತ್ರಿ ಪಾಳಿಯವರು ಹೆಸರು ಬರೆಸಿ ಒಯ್ಯಬೇಕು; ಪಾಳಿ ಬದಲಾದರೆ ತಂದು ಮುಂದಿನವನಿಗೆ ಕೊಡಬೇಕು. ಭಾನುವಾರ ಪೂರ್ತಿ ರಜೆ ಇರುವ ನಾಲ್ಕು ಜನ ಬೆಳಿಗ್ಗೆ ಐದಕ್ಕೆ ವಸಾಯಿ ಸೇತುವೆಗೆ ಹೊರಡುತ್ತೇವೆ. ಬರುವವರು ಏನಾದರೂ ತಿಂದುಕೊಂಡು ಬನ್ನಿ.